ಬೂಟು ಬಿಚ್ಚದ ಊರು

ಅಪಾ,

ಅಂದು ಒಡೆದು ನಿನ್ನನ್ನು ಕೊಂಡೊಯ್ದ ಹಿಮಸರೋವರವನ್ನು ಅಳೆಯಲು ಥಿಂಫುವಿನಿಂದ ಎಂಜಿನಿಯರ್ ಬಂದಿದ್ದರು. ನಮ್ಮ ಲುನಾನದ ಮಾತು ಅವರಿಗೆ ಬಾರದು. ಅವರ ಭಾಷೆಯಲ್ಲಿ ಸಾಹಿತ್ಯ ಓದಿದವಳೆಂದು ನನ್ನನ್ನೇ ದುಭಾಷಿ ಮಾಡಿಕೊಂಡರು. ಜನ ಹೆದರಿದ್ದರೆ ಊರನ್ನು ಮೇಲಿನ ದಿಬ್ಬಕ್ಕೆ ಸಾಗಿಸುವುದಾಗಿ ಹೇಳಿದ್ದರು.

"ಸರೋವರ ಮತ್ತೆ ಒಡೆಯುತ್ತೆ ಅಂತ ಭಯ ಇದೆಯಾ?" ಎಂದು ಮನೆಮನೆಯಲ್ಲೂ ಕೇಳಿದರು. ಭಯವೆಂದು ಸರೋವರದ ದೇವಿಯನ್ನು ದೂರಿದರೆ ಅವಳು ಮುನಿಯುತ್ತಾಳಲ್ಲ, ಯಾರೂ ಹೌದೆನ್ನಲಿಲ್ಲ. ಪಕ್ಕದ ಮನೆಯ ಲ್ಹಾದೆನ್ ಅಜ್ಜಿಯಂತೂ, "ನಿಮ್ಮ ಹೆಂಡ್ತಿ ಜಗಳಗಂಟಿಯಾ ಅಂತ ನಾನು ಕೇಳಿದ್ನಾ, ಸಾಹೇಬ್ರೇ?" ಎಂದಳು. ಸುತ್ತ ನಿಂತವರು ನಕ್ಕರು.

ರಾತ್ರಿ ನೀರು ನುಗ್ಗಿದರೆ ಓಡಲೆಂದು ಊರಿಗೆ ಊರೇ ಬೂಟು ಬಿಚ್ಚದೆ ಮಲಗುವುದು ನನಗೆ ಗೊತ್ತಿತ್ತು. ಆದರೂ ಊರವರು ಬಾಯಲ್ಲಿ ಆಡಿದ್ದನ್ನಷ್ಟೇ ಅನುವಾದಿಸಿದೆ. ಜನರಿಗೆ ಭಯವಿಲ್ಲ, ಸ್ಥಳಾಂತರ ಬೇಡ ಎಂದು ಬರೆದುಕೊಂಡು ಎಂಜಿನಿಯರ್ ಕಣಿವೆ ಇಳಿದರು.

ಸಂಜೆ ಒಲೆಯ ಮುಂದೆ ಅಮ್ಮ ಮೆಲ್ಲಗೆ ಕೇಳಿದಳು: "ನಮ್ಮ ಬಾಯಿ ಕಟ್ಟಿತ್ತು ಕಣೇ. ಅವರ ಭಾಷೇಲಿ ನೀನಾದ್ರೂ ಹೇಳ್ತೀಯ ಅಂತ ಎಲ್ರೂ ನಿನ್ನ ಮುಖಾನೇ ನೋಡ್ತಿದ್ವಿ. ಹೇಳಿದೆ ತಾನೇ?"

"ಹೇಳಿದೆ" ಎಂದೆ.

ಎಷ್ಟೋ ವರ್ಷಗಳ ಮೇಲೆ ಅಮ್ಮ ಬೂಟು ಬಿಚ್ಚಿ ಮಲಗಿದ್ದಾಳೆ, ಅಪಾ. ನಾನು ಬಿಚ್ಚಿಲ್ಲ.