ಮೂವತ್ತನಾಲ್ಕು ಹಸಿರು ಚುಕ್ಕೆ

ಜುಲೈ ೧೪, ಭಾನುವಾರ ಬೆಳಿಗ್ಗೆ

ಚೂಟಿ,

ಮಂಡಿನೋವು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿದ್ದೀಯೆಂದು ಪೇಪರಿನಲ್ಲಿ ಬರುವ ಫೋಟೋ ನೋಡಿ ತಿಳಿದುಕೊಂಡಿದ್ದೇನೆ. ನಿನ್ನ ಪತ್ರ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಕ್ಷಮಿಸು ಎಂದು ಬರೆಯಬೇಕು, ಬರೆದೆ ಅಂದುಕೋ. ಎರಡು ಸಲ ಬರೆದು ಹರಿದು ಹಾಕಿದೆ. ನಿನ್ನ ಭಾವ ಕಸದ ಬುಟ್ಟಿ ನೋಡಿ, "ಇಲಾಖೆ ನಿರ್ದೇಶಕಿಯವರಿಗೆ ಬೈಗುಳಾನೂ ಶುದ್ಧಪ್ರತಿ ಮಾಡಿ ಕಳಿಸ್ಬೇಕೇನೇ?" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಶಿಕ್ಷಕರ ಸಮ್ಮೇಳನದಲ್ಲಿ ನಾನು ವೇದಿಕೆ ಹತ್ತಿ 'ಸರ್ಕಾರಿ ಶಾಲೆಯ ಭರವಸೆ' ಅಂತ ಹತ್ತು ನಿಮಿಷ ಮಾತಾಡಬೇಕೆಂದು ಕರೆದಿದ್ದೀಯ. ಏನು ಮಾತಾಡಬೇಕೆಂದು ಟೈಪ್ ಮಾಡಿದ ಹಾಳೆಯನ್ನೂ ಜೊತೆಗಿಟ್ಟಿದ್ದೀಯ. "ನಾಯಕತ್ವ ಮೇಲಿನಿಂದ ಇಳಿಯುವುದಿಲ್ಲ, ತರಗತಿಯೊಳಗೆ ಹುಟ್ಟುತ್ತದೆ" ಎಂದು ನಾನು ಹೇಳಬೇಕಂತೆ. ಅದನ್ನೂ ಮೇಲಿನಿಂದಲೇ ಕಳಿಸಿದ್ದೀಯಲ್ಲ, ನಿನಗೆ ನಾಚಿಕೆಯಾಗಲಿಲ್ಲವೇ? ನಾನು ಬರುವುದಿಲ್ಲ. ನನ್ನ ಕುರ್ಚಿಯಲ್ಲಿ ಬೇರೆ ಯಾರನ್ನಾದರೂ ಕೂರಿಸು.

ಇಲ್ಲಿಯ ಸುದ್ದಿ ಒಂದೇ. ನಮ್ಮ ಓದಿನ ಟೀಚರನ್ನು ಶಾಲೆ ಶುರುವಾದ ವಾರವೇ ಎತ್ತಿ ಬೇರೆ ಶಾಲೆಗೆ ಹಾಕಿದರು. ಹಿಂದುಳಿದ ಮಕ್ಕಳನ್ನು ದಿನಕ್ಕೆ ಒಂದು ಗಂಟೆ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂರಿಸಿಕೊಂಡು, ಬೆರಳು ಹಿಡಿದು ಓದಿಸುತ್ತಿದ್ದಳು ಆ ಹುಡುಗಿ. ಹೋಗುವ ದಿನ ಅಕ್ಷರದ ಕಾರ್ಡುಗಳ ಡಬ್ಬ ನನ್ನ ಕೈಗೆ ಕೊಟ್ಟು, "ಮೇಡಂ, ಇವ್ರನ್ನ ಬಿಟ್ಬಿಡ್ಬೇಡಿ" ಎಂದಳು. ಮೂರನೇ ತರಗತಿಯಿಂದ ನನ್ನ ಜೊತೆಗೇ ಐದಕ್ಕೆ ಬಂದ ಮೂವತ್ತನಾಲ್ಕು ಮಕ್ಕಳು, ನಾನೊಬ್ಬಳು. ಡಬ್ಬ ಬೀರುವಿನಲ್ಲೇ ಇದೆ.

ಅವಳು ಯಾಕೆ ಹೋದಳು? ನಿನ್ನ ಓದಿನ ಯೋಜನೆಯ ನಿಯಮ. ಅದನ್ನು ನಿನಗೇ ವಿವರಿಸುವ ಗತಿ ಬಂತಲ್ಲ ನನಗೆ! ಗೋಡೆಯ ಪಟ್ಟಿಯಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಒಂದು ಚುಕ್ಕೆ. ಸಲೀಸಾಗಿ ಓದಿದರೆ ಹಸಿರು, ತಡವರಿಸಿದರೆ ಹಳದಿ, ಅಕ್ಷರವೇ ತಿಳಿಯದಿದ್ದರೆ ಕೆಂಪು. ಸತತ ಎರಡು ವರ್ಷ ಎಲ್ಲರೂ ಹಸಿರಾದ ಶಾಲೆಗೆ ಓದಿನ ಟೀಚರ್ ಬೇಡ, 'ಮಾದರಿ ಶಾಲೆ' ಎಂಬ ಬೋರ್ಡು ಸಾಕು. ಬೋರ್ಡು ಬಂತು, ಗೇಟಿನ ಮೇಲೆ ಹೊಳೆಯುತ್ತಿದೆ.

ಮೊನ್ನೆ ಮಂಗಳವಾರ ಒಬ್ಬ ಬಡಗಿ ಬಂದರು, ಐದನೇ ತರಗತಿಯ ಹುಡುಗಿಯ ಅಪ್ಪ. ಕೂದಲ ತುಂಬ ಮರದ ಪುಡಿ. ಕೂರಲಿಲ್ಲ, ಒಂದು ಚೀಟಿ ಮೇಜಿನ ಮೇಲಿಟ್ಟರು. "ಅಂಕಿ ನಂಗೊತ್ತು ಮೇಡಂ, ಅಕ್ಷರ ಗೊತ್ತಿಲ್ಲ. ಅದಕ್ಕೇ ಗಿರಾಕಿ ಬರ್ದಿದ್ನ ಮಗಳ ಹತ್ರ ಓದಿಸ್ದೆ. ಬಾಗಿಲಿಗೆ ಗಾಜು ಹಾಕ್ಬೇಕಂತೆ ಅಂದ್ಳು. ಹಲಗೆ ಕೊರ್ದೆ." ಚೀಟಿಯಲ್ಲಿ 'ಗಾಜು ಬೇಡ' ಎಂದಿತ್ತು.

"ಬಾಗಿಲು ಹೋದ್ರೆ ಹೋಗ್ಲಿ, ಇನ್ನೊಂದು ಮಾಡ್ತೀನಿ. ಓದಕ್ಕೆ ಬರಲ್ಲ ಅಂತ ಯಾಕೆ ಹೇಳ್ಲಿಲ್ಲ ಅಂತ ಕೇಳಿದ್ರೆ, ನಂದು ಹಸಿರು ಅಲ್ವಾ ಅಪ್ಪ, ಹೆಂಗೆ ಹೇಳ್ಲಿ ಅಂತಾಳೆ. ನೀವೇ ಹೇಳಿ ಮೇಡಂ, ನನ್ ಮಗಳಿಗೆ ಓದಕ್ಕೆ ಬರುತ್ತಾ, ಬರಲ್ವಾ?"

ನಲವತ್ತು ವರ್ಷಕ್ಕೆ ಎಂಟು ತಿಂಗಳು ಕಡಿಮೆ ಪಾಠ ಮಾಡಿದವಳು ನಾನು. ಚೀಟಿ ಮಡಚಿ ಅವರ ಕೈಗೇ ವಾಪಸ್ ಕೊಟ್ಟೆ.

ಈಗ ಕೇಳು. ಎರಡು ವರ್ಷದ ಹಿಂದೆ ನೀನು ಫೋನ್ ಮಾಡಿ, "ಅಕ್ಕ, ಮೊದಲ್ನೇ ವರ್ಷವೇ ಫಲಿತಾಂಶ ತೋರಿಸ್ದಿದ್ರೆ ಯೋಜನೇನೇ ನಿಲ್ಲಿಸ್ತಾರೆ, ನನ್ನನ್ನೂ ಕಳಿಸ್ತಾರೆ" ಎಂದು ಅತ್ತಿದ್ದೆಯಲ್ಲ, ಆ ವಾರ ನಾನು ಮೂವತ್ತನಾಲ್ಕು ಚುಕ್ಕೆಯನ್ನೂ ಹಸಿರು ಮಾಡಿದೆ. ನಿಜವಾಗಿ ಓದುತ್ತಿದ್ದವರು ಹನ್ನೊಂದು ಮಕ್ಕಳು. ನೀನು ಮಾಡು ಅನ್ನಲಿಲ್ಲ, ನಾನೂ ಕೇಳಲಿಲ್ಲ. ಒಂದು ವರ್ಷ ನಿನ್ನ ಯೋಜನೆ ಉಸಿರಾಡಲಿ, ಅಷ್ಟರಲ್ಲಿ ಓದಿನ ಟೀಚರ್ ಆ ಇಪ್ಪತ್ಮೂರು ಮಕ್ಕಳನ್ನು ದಡ ಸೇರಿಸುತ್ತಾಳೆ, ಸುಳ್ಳು ತಾನಾಗಿ ನಿಜವಾಗುತ್ತದೆ ಅಂದುಕೊಂಡೆ. ಮರುವರ್ಷ ಹಸಿರನ್ನು ಮತ್ತೆ ಕೆಂಪು ಮಾಡುವ ಧೈರ್ಯ ಬರಲಿಲ್ಲ. ನನ್ನ ಬಣ್ಣವೇ ಆ ಟೀಚರನ್ನು ಹೊರಗೆ ಹಾಕುತ್ತದೆಂದು ನನ್ನ ಮಂದ ಬುದ್ಧಿಗೆ ಹೊಳೆಯಲೂ ಇಲ್ಲ.

ಬುಧವಾರದಿಂದ ಒಂದೊಂದೇ ಮಗುವನ್ನು ವರಾಂಡದಲ್ಲಿ ಕೂರಿಸಿಕೊಂಡು ಓದಿಸಿದೆ. ಇಷ್ಟು ದಿನದ ಮೇಲೂ ಹದಿನೆಂಟು ಮಕ್ಕಳಿಗೆ ಓದಲು ಬರುವುದಿಲ್ಲ. ಪಟ್ಟಿ ತಿದ್ದಿದೆ. ಹೆಡ್ ಮಾಸ್ಟರು ಕೈಮುಗಿದು, "ಮೇಡಂ, ಬೋರ್ಡು ಕಿತ್ಕೊಂಡು ಹೋಗ್ತಾರೆ, ನಿಮ್ಮ ಪೆನ್ಷನ್ನಿಗೂ ಕಲ್ಲು ಬೀಳುತ್ತೆ" ಎಂದರು. ತಪ್ಪು ನನ್ನದೆಂದು ಸಹಿ ಹಾಕಿ ನಿನ್ನೆ ನಿನ್ನ ಕಚೇರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ನೀನು ಡ್ರಾಯರಿಗೆ ತಳ್ಳಬಾರದೆಂದು ನಿನ್ನ ಮೇಲಿನವರಿಗೂ ಒಂದು ಪ್ರತಿ ಹೋಗಿದೆ. ಹೌದು, ನಿನ್ನನ್ನು ನಂಬಲಿಲ್ಲ.

ನನ್ನನ್ನು ಏನು ಬೇಕಾದರೂ ಮಾಡಿ. ಓದಿನ ಟೀಚರನ್ನು ವಾಪಸ್ ಕಳಿಸು. ಬಡಗಿಯ ಮಗಳು ಏಪ್ರಿಲ್‌ನಲ್ಲಿ ನಮ್ಮ ಶಾಲೆ ಬಿಡುತ್ತಾಳೆ. ಮುಂದಿನ ಶಾಲೆಯಲ್ಲಿ ಅವಳಿಗೆ ಅ ಆ ಕಲಿಸಲು ಯಾರೂ ಕಾದು ಕೂತಿರುವುದಿಲ್ಲ. ಇರುವುದು ಒಂಬತ್ತು ತಿಂಗಳು. ಭರವಸೆ ಅಂತ ನೀನು ಭಾಷಣ ಮಾಡುವುದು ಏನನ್ನೋ ನನಗೆ ಗೊತ್ತಿಲ್ಲ, ನನಗೆ ಬೇಕಾದ್ದು ದಿನಕ್ಕೆ ಒಂದು ಗಂಟೆ, ಒಬ್ಬಳು ಟೀಚರ್.

ಊಟ ಹೊತ್ತಿಗೆ ಸರಿಯಾಗಿ ಮಾಡು, ಫೋಟೋದಲ್ಲಿ ಸೊರಗಿದ್ದೀಯ. ಇಷ್ಟು ಬೈದ ಮೇಲೂ ನಿನಗೆ ಒಳ್ಳೆಯದಾಗಲಿ ಅನ್ನದೆ ಪತ್ರ ಮುಗಿಸುವುದು ನನ್ನ ಕೈಲಿ ಆಗುತ್ತಿಲ್ಲ, ದರಿದ್ರ ಅಭ್ಯಾಸ.

ನಿನ್ನ ಅಕ್ಕ

ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಬಿಟ್ಟದ್ದು: ಹೋದ ವರ್ಷ ನೀನು ತಪಾಸಣೆಗೆ ಬಂದಾಗ ಇದೇ ಬಡಗಿಯ ಮಗಳನ್ನು ಓದಿಸಿದೆ. ಅವಳಿಗೆ ನಾಲ್ಕನೇ ಪಾಠ ಬಾಯಿಪಾಠವಾಗಿತ್ತು. ನೀನು ಏಳನೆಯದು ತೆರೆದುಕೊಟ್ಟೆ. ಅವಳು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಾಲ್ಕನೇ ಪಾಠವನ್ನು ಕೊನೆಯವರೆಗೂ ಒಪ್ಪಿಸಿದಳು. ನೀನು ತಲೆಯೆತ್ತಿ ನನ್ನನ್ನು ನೋಡಿದೆ. ಎಲ್ಲರೆದುರು ನನ್ನ ಮಾನ ತೆಗೆಯುತ್ತೀಯ ಅಂದುಕೊಂಡೆ. ತೆಗೆಯಲಿ ಎಂದು ಆಸೆಪಟ್ಟೆ ಕಣೇ. ನೀನು "ಭೇಷ್" ಎಂದು ಅವಳ ಬೆನ್ನು ತಟ್ಟಿ, ಪಟ್ಟಿಗೆ ಸಹಿ ಹಾಕಿ, ಕಾರು ಹತ್ತಿದೆ. ಆಮೇಲೆ ಆ ಹುಡುಗಿ ನನ್ನ ಹತ್ತಿರ ಬಂದು, "ಮೇಡಂ, ಚಿತ್ರ ಬೇರೆ ಇತ್ತು, ಪಾಠಾನೂ ಬೇರೆ ಅಲ್ವಾ? ಅವ್ರಿಗೂ ಓದಕ್ಕೆ ಬರಲ್ವಾ?" ಎಂದು ಪಿಸುಗುಟ್ಟಿದಳು. ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದಲು ಕಲಿಸಿದವಳು ನಾನು. "ಬರಲ್ಲ ಪುಟ್ಟಾ" ಎಂದೆ.