ಗಪ್ ಮಿಕ್ಸ್

ಜೂನ್ 7, 2015. ರಾತ್ರಿ ಒಂದೂವರೆ

ಮತ್ತೆ ಅದೇ ಟ್ರ್ಯಾಕ್. ರಾಯಬಾಗದ ಮದುವೆ ಮೆರವಣಿಗೆ, ವರಾತ. ಒಂದೇ ಸಂಜೆ, ಒಂದೇ ಹಾಡು, ಎಷ್ಟು ಸಲ ಅಂತ ಲೆಕ್ಕ ಬಿಟ್ಟೆ. ಗಂಡಿನ ಕಡೆಯವರಿಗೆ ತಮಟೆಯಂಥ ಹಲಗಿ ಬೆರೆಸಿದ ಹಲಗಿ ಮಿಕ್ಸ್ ಬೇಕು. ಹೆಣ್ಣಿನ ಕಡೆಯವರಿಗೆ ಬೆಂಜೋ ಮಿಕ್ಸ್. ಆಮೇಲೆ ಗಂಡಿನ ಕಾಕಾ ನಮ್ಮ ಡೀಜೆ ಟ್ರಕ್ಕಿಗೆ ಜೋತು ಬಿದ್ದ.

"ಲೇ ಡೀಜೆ, ಆ ಟೀಂವ್ ಟೀಂವ್ ಹಚ್ಚೋ!"

"ಈಗ ಹಚ್ಚಿದ್ನೆಲ್ರಿ ಕಾಕಾ."

"ಅದು ಹಲಗೀದು. ಸೈರನ್‌ದ್ ಹಚ್ಚು. ಬೀಗರು ನಿಂತಾರ, ಮರ್ಯಾದಿ ಪ್ರಶ್ನೆ ಐತಿ."

ಹಚ್ಚಿದೆ. ಕುಣಿದರು. ನನ್ನ ತಲೆ ಈಗಲೂ ಟೀಂವ್ ಟೀಂವ್ ಅನ್ನುತ್ತಿದೆ.

ಹಾಡು ಎಂದರೆ ಮಾತಿಲ್ಲದ ಟ್ರಾನ್ಸ್, ಬರೀ ಮಷಿನ್ ಸಂಗೀತ. ಹಾಲೆಂಡಿನವನೋ ಜರ್ಮನಿಯವನೋ, ನಾನು ಶಾಲೆಗೆ ಹೋಗುವ ಮುಂಚೆಯೇ ಮಾಡಿಟ್ಟದ್ದು. ಲ್ಯಾಪ್‌ಟಾಪಿನಲ್ಲಿ ಅದರದೇ ಒಂದು ಫೋಲ್ಡರ್ ಇದೆ. ಹಲಗಿ, ಬೆಂಜೋ, ಸೈರನ್, ಲೇಝಿಮ್, ಡೈಲಾಗ್. ಒಂದರಲ್ಲಿ ಕುದುರೆ ಕೆನೆಯುತ್ತದೆ. ಯಾಕೆ ಅಂತ ಕೇಳಬಾರದು.

ಒರಿಜಿನಲ್ ನನ್ನ ಮೆಮರಿ ಕಾರ್ಡಿನಲ್ಲಿ ಮಾತ್ರ. ಅದನ್ನು ಯಾರೂ ಕೇಳುವುದಿಲ್ಲ.

ಜೂನ್ 9. ನಿದ್ದೆ ಇಲ್ಲ

ರೂಮಿನಲ್ಲಿ ಸೆಕೆ. ಮೊಬೈಲ್ ಎದೆ ಮೇಲಿಟ್ಟುಕೊಂಡು, ರೆಕಾರ್ಡ್ ಹಚ್ಚಿ ಒಬ್ಬನೇ ಮಾತಾಡುತ್ತಿದ್ದೇನೆ. ಯಾರಾದರೂ ಕೇಳಿದರೆ ಹುಚ್ಚ ಅಂದಾರು.

ಇಚಲಕರಂಜಿಯಲ್ಲಿ ಮಗ್ಗದ ರಾತ್ರಿ ಪಾಳಿ ಮಾಡುವಾಗ ಈ ಟ್ರ್ಯಾಕ್ ಸಿಕ್ಕಿತು. ಇಯರ್‌ಫೋನ್ ಹಾಕಿಕೊಂಡೇ ಕೆಲಸ. ಹಾಡಿನ ಮಧ್ಯೆ ಬೀಟ್ ಪೂರ್ತಿ ನಿಲ್ಲುತ್ತದೆ. ಎರಡು ನಿಮಿಷ ಒಂದೇ ಒಂದು ಎಳೆ ಸ್ವರ, ಉಸಿರಿನ ಹಾಗೆ. ಅಲ್ಲಿ ಒಂದು ಖಟ್ ಖಟ್ ಕೇಳುತ್ತಿತ್ತು. ಅದೂ ಹಾಡಿನದೇ ಅಂತ ತಿಂಗಳುಗಟ್ಟಲೆ ತಿಳಿದಿದ್ದೆ. ಒಂದು ರಾತ್ರಿ ಕರೆಂಟ್ ಹೋಯಿತು. ಮಗ್ಗ ನಿಂತವು. ಆಗ ಗೊತ್ತಾಯಿತು, ಖಟ್ ಖಟ್ ಮಗ್ಗದ್ದು, ಸ್ವರ ಬಿಟ್ಟರೆ ಅಲ್ಲಿ ಏನೂ ಇಲ್ಲ. ಬರೀ ಜಾಗ. ಆ ರಾತ್ರಿಯೇ ನಿರ್ಧಾರ ಮಾಡಿದೆ, ಮಗ್ಗ ಸಾಕು, ಡೀಜೆ ಕನ್ಸೋಲ್ ಮುಂದೆ ನಿಲ್ಲಬೇಕು.

ನಿಪ್ಪಾಣಿಗೆ ಬಂದೆ. ರಾವಸಾಹೇಬಣ್ಣನ ಡಾಲ್ಬಿ ಟ್ರಕ್, ಗೋಡೆಯಷ್ಟು ಸ್ಪೀಕರ್ ಹೊತ್ತದ್ದು. ಟ್ರಯಲ್ ಮೇಲೆ ಇಟ್ಟುಕೊಂಡಿದ್ದಾರೆ. "ಗಣಪತಿ ಮುಗೀಲಿ. ಕೈ ಛಲೋ ಇದ್ರ ಕನ್ಸೋಲ್ ನಿನಗ. ಇಲ್ಲಂದ್ರ ನಿನ್ನ ಮಗ್ಗ ಎಲ್ಲಿ ಓಡಿ ಹೋಗೇತಿ?" ಅಂದರು. ನಗುತ್ತಲೇ ಅಂದರು.

ಜುಲೈ 21

ಸಮ್ಮೇದನ ಜೊತೆ ಜಗಳ. ಸಮ್ಮೇದ ಅಂದರೆ ರಾವಸಾಹೇಬಣ್ಣನ ಮಗ. ನನ್ನ ವಯಸ್ಸೇ. ಗಣಪತಿಗೆ ಹೊಸ ಮಿಕ್ಸ್ ಕೂಡಿಸುತ್ತಿದ್ದೆವು. ಮಧ್ಯದ ಜಾಗ ಹಾಗೇ ಬಿಟ್ಟಿದ್ದೆ. ಇವನು ಸ್ಕ್ರೀನಿಗೆ ಬೆರಳು ಒತ್ತಿದ.

"ಇಲ್ಲೇನೂ ಇಲ್ಲಲೋ ಸುಧ್ಯಾ."

"ಇಲ್ಲ ಅಂತನ ಬಿಟ್ಟೇನಿ."

"ಖಾಲಿ ಬಿಡಾಕ ಇದೇನ ನಿಮ್ಮ ಅಲಖನೂರ ಹೊಲಾ? ಸಾಮನಾದಾಗ ಆವಾಜ್ ಬಿದ್ರ ಹೆಂಗ?"

ಅವನು ಹೇಳಿದ್ದು ಸುಳ್ಳಲ್ಲ. ಅದೇ ಸಿಟ್ಟು. ವಿಸರ್ಜನೆ ದಿನ ಎರಡು ಮಂಡಳದ ಟ್ರಕ್ ಚೌಕದಲ್ಲಿ ಎದುರುಬದುರು ನಿಲ್ಲುತ್ತವೆ. ಅದೇ ಸಾಮನಾ. ಎರಡೂ ಕಡೆ ಒಟ್ಟಿಗೆ ಹಚ್ಚುವುದು. ಯಾರ ಆವಾಜ್ ಮೊದಲು ಬೀಳುತ್ತದೋ, ಅಂದರೆ ಬಂದ್ ಆಗುತ್ತದೋ, ಅವರು ಸೋತ ಹಾಗೆ, ಟ್ರಕ್ ರಿವರ್ಸ್ ತೆಗೆದು ದಾರಿ ಬಿಡಬೇಕು. ಗೆದ್ದವನು ತನ್ನ ಮಷಿನ್ ತಾನೇ ಬಂದ್ ಮಾಡಿ ಮೈಕಿನಲ್ಲಿ ಜೈಕಾರ ಹಾಕುತ್ತಾನೆ. ಆದ್ದರಿಂದ ನಮ್ಮ ಸೀಮೆಯ ಯಾವ ಮಿಕ್ಸಿನಲ್ಲೂ ಉಸಿರಾಡಲು ಸಂದಿ ಇಲ್ಲ. ಬೀಟ್ ಇಲ್ಲದ ಕಡೆ ಸೈರನ್. ಸೈರನ್ ಇಲ್ಲದ ಕಡೆ ಕುದುರೆ.

ಅವನು ಅಲ್ಲಿ ಹಲಗಿ ತುಂಬಿದ. ನಾನು ಚಹಾ ಕುಡಿಯಲು ಹೋದೆ.

ಆಗಸ್ಟ್ 16. ಹನ್ನೆರಡು ದಾಟಿದೆ

ಇವತ್ತು ನೆಟ್ಟಿನಿಂದ ಒಂದು "ಹೊಸ" ವರ್ಶನ್ ಇಳಿಸಿದೆ. ಶುರುವಿಗೆ ಅಥಣಿಯ ಡೀಜೆ ತನ್ನ ಹೆಸರು ಕೂಗುತ್ತಾನೆ. ಅದರ ಮೇಲೆ ಚಿಕ್ಕೋಡಿಯವನು. ಚಿಕ್ಕೋಡಿಯವನು ಮುಗಿಸುವ ಮುಂಚೆ ಕಾಗವಾಡದ ಒಬ್ಬ ಹುಡುಗಿ, "ಇನ್ ದ ಮಿಕ್ಸ್" ಅಂತ. ಹಾಡು ಎಲ್ಲಿದೆ? ಇವರ ಹೆಸರುಗಳ ಕೆಳಗೆ ಎಲ್ಲೋ ಟೀಂವ್ ಅನ್ನುತ್ತಿದೆ, ಬಾವಿಗೆ ಬಿದ್ದ ಬೆಕ್ಕಿನ ಹಾಗೆ.

ಅವ್ವನ ಫೋನ್ ಬಂತು. "ಮಗ್ಗದ ಮಾಲಕ ಹೇಳಿ ಕಳಿಸ್ಯಾನ. ದಸರಾದಾಗ ಬರ್ಲಿಲ್ಲಂದ್ರ ಬ್ಯಾರೇದವ್ರನ ಇಟ್ಕೊಂತಾನಂತ. ನಿಂದು ಅಲ್ಲಿ ಪಕ್ಕಾ ಆತೇನ?"

"ಆಗತೈತಿ ಬೇ."

"ಏನ್ ಕೆಲಸಪಾ ಅದು? ಮಂದಿ ಕೇಳಿದ್ರ ಏನ್ ಹೇಳ್ಲಿ?"

"ಹಾಡ ಹಚ್ಚತಾನ ಅನ್ನು."

"ಹಾಡ ನಮ್ಮ ರೇಡಿಯೋನೂ ಹಚ್ಚತೈತಿ" ಅಂದಳು ಅವ್ವ. ಫೋನ್ ಇಟ್ಟಳು.

ಸೆಪ್ಟೆಂಬರ್ 26

ನಾಳೆ ವಿಸರ್ಜನೆ. ನಮ್ಮ ಮಂಡಳಕ್ಕೂ ಕೊಗನೊಳ್ಳಿಯವರ ಟ್ರಕ್ಕಿಗೂ ಸಾಮನಾ. ಅವರ ಆಪರೇಟರ್ ಬಾಳಾಸಾಬ, ಹಳೇ ಹುಲಿ. ರಾವಸಾಹೇಬಣ್ಣ ಊಟ ಮಾಡುವಾಗ ಒಂದೇ ಮಾತು ಅಂದರು: "ನಾಳೆ ಆವಾಜ್ ಬಿದ್ರ, ನಾಡದ ಬೆಳಿಗ್ಗೆ ಇಚಲಕರಂಜಿ ಬಸ್."

ನಗಲಿಲ್ಲ.

ಸೆಪ್ಟೆಂಬರ್ 28. ಬೆಳಗಿನ ಜಾವ

ಕಿವಿ ಗುಂಯ್ ಅನ್ನುತ್ತಿದೆ. ಹೇಳಿಬಿಡುತ್ತೇನೆ, ಆಮೇಲೆ ಮಲಗುತ್ತೇನೆ.

ಹಲಗಿ ಮಿಕ್ಸ್ ಹಚ್ಚಿದೆ. ಬಾಳಾಸಾಬನೂ ಹಲಗಿ ಮಿಕ್ಸ್ ಹಚ್ಚಿದ. ಅದೇ ಟ್ರ್ಯಾಕ್, ಅರ್ಧ ಬೀಟ್ ಹಿಂದೆ. ಸೈರನ್‌ಗೆ ಹಾರಿದೆ. ಅವನೂ ಹಾರಿದ. ಲೇಝಿಮ್. ಅವನೂ ಲೇಝಿಮ್. ನೆಟ್ಟಿನಿಂದ ಇಳಿಸಿದ ನನ್ನ ಫೋಲ್ಡರ್ ಪೂರ್ತಿ ಅವನ ಹತ್ತಿರವೂ ಇದೆ. ಕುದುರೆ ಸಮೇತ. ಎರಡು ಟ್ರಕ್ಕಿನ ಕುದುರೆ ಒಂದಕ್ಕೊಂದು ಕೆನೆದವು. ಚೌಕದಲ್ಲಿ ಹಾಡೇ ಇಲ್ಲ, ಬರೀ ರಾಡಿ. ರಾವಸಾಹೇಬಣ್ಣ ಕೆಳಗಿನಿಂದ ಚೀರಿದರು, "ಅವನ ಹತ್ರ ಇಲ್ಲದ್ದ ಹಚ್ಚಲೇ!"

ಅವನ ಹತ್ತಿರ ಇಲ್ಲದ್ದು ಒಂದೇ.

ಒರಿಜಿನಲ್ ಹಾಕಿದೆ. ಬಾಳಾಸಾಬ ಹುಡುಕಿದ, ಸಿಗಲಿಲ್ಲ, ಹಳೇದನ್ನೇ ಎಳೆದ. ಮಧ್ಯದ ಜಾಗ ಬರುವ ಮುಂಚೆ ಬೇರೆಯದಕ್ಕೆ ಹಾರಬೇಕು ಅಂತ ಲೆಕ್ಕ ಹಾಕಿದ್ದೆ. ಬಂತು. ಬೆರಳು ಬಟನ್ ಮೇಲೆ ಇತ್ತು. ಒತ್ತಲಿಲ್ಲ. ಸಾಕಾಗಿತ್ತು ನನಗೆ.

ಬೀಟ್ ಹೋಯಿತು. ನಮ್ಮ ಜನರೇಟರಿನ ಸದ್ದೇ ಸ್ವರಕ್ಕಿಂತ ದೊಡ್ಡದು. ಕುಣಿಯುತ್ತಿದ್ದವರು ಮೇಲೆತ್ತಿದ ಕೈ ಹಾಗೇ ಬಿಟ್ಟು ನಿಂತರು. ಎದುರಿಂದ ಕೂಗು: "ಬಂದ್ ಬಿತ್ತು! ಬಂದ್ ಬಿತ್ತು!" ಬಾಳಾಸಾಬ ರಿವಾಜಿನ ಪ್ರಕಾರ ತನ್ನ ಮಷಿನ್ ಬಂದ್ ಮಾಡಿದ, ಮೋರಯಾ ಅಂತ ಮೈಕಿನಲ್ಲಿ ಕೂಗಿದ. ರಾವಸಾಹೇಬಣ್ಣ ಟ್ರಕ್ ಹತ್ತಿ ನನ್ನ ಕೊರಳಪಟ್ಟಿ ಹಿಡಿದರು.

"ಮಷಿನ್ ಹ್ವಾತೇನಲೇ?"

"ಇಲ್ರಿ ಅಣ್ಣಾ. ಹಾಡ ಹಂಗ ಐತಿ."

"ಗಪ್ ಕುಂದ್ರೂ ಹಾಡ ಯಾವ ಮಗಾ ಮಾಡ್ತಾನಲೇ!"

ಅಷ್ಟರಲ್ಲಿ ಎದುರಿನ ಜೈಕಾರ ಮುಗಿದಿತ್ತು. ಚೌಕದಲ್ಲಿ ಆ ಒಂದೇ ಸ್ವರ. ಏರುತ್ತಿತ್ತು. ಬಾಲ್ಕನಿಯ ಹೆಂಗಸರು ಬಗ್ಗಿ ನೋಡಿದರು. ರಾವಸಾಹೇಬಣ್ಣನ ಕೈ ನನ್ನ ಕೊರಳಲ್ಲೇ, ಆದರೆ ಹಿಡಿತ ಸಡಿಲ. ಏರಿತು, ಏರಿತು, ಬೀಟ್ ಬಂದು ಬಿತ್ತು. ಚೌಕ ಹಾರಿತು. ಬಾಳಾಸಾಬನ ಮಷಿನ್ ಮತ್ತೆ ಶುರುವಾಗುವಷ್ಟರಲ್ಲಿ ನಮ್ಮದು ಮುಗಿಯುತ್ತ ಬಂದಿತ್ತು.

ಆಮೇಲೆ ಜಗಳ. ನಿಮ್ಮದು ಬಿತ್ತು ಅಂತ ಅವರು, ನೀವೇ ಬಂದ್ ಮಾಡಿದಿರಿ ಅಂತ ನಮ್ಮವರು. ಕೊನೆಗೆ ಎರಡೂ ಕಡೆಯವರಿಗೆ ಹಿರಿಯರಾದ ಅಣ್ಣಾಸಾಬ ಟೊಪ್ಪಿಗೆ ಸರಿ ಮಾಡಿಕೊಂಡು ತೀರ್ಪು ಕೊಟ್ಟರು. "ಆವಾಜ್ ಸಣ್ಣ ಆಗಿತ್ತು. ಬಂದ್ ಆಗಿದ್ದಿಲ್ಲ. ನಾ ಕೇಳೇನಿ. ಕೊಗನೊಳ್ಳಿಯವ್ರು ರಿವರ್ಸ್ ತಗೀರಿ."

ಅಕ್ಟೋಬರ್ 3

ರಾವಸಾಹೇಬಣ್ಣ ಇಷ್ಟು ದಿನ ಮಾತಾಡಿರಲಿಲ್ಲ. ಚೀಲ ಕಟ್ಟಿಟ್ಟಿದ್ದೆ. ಇವತ್ತು ಕರೆದರು.

"ಯಡೂರಿಂದ ಫೋನ್ ಬಂದೈತಿ. ಚಿಕ್ಕೋಡಿಯಿಂದನೂ. ಎಲ್ಲಾರಿಗೂ ಆ ನಡುವ ಸುಮ್ನಾಗೂ ಗಪ್ ಮಿಕ್ಸ್ ಬೇಕಂತ."

"ಅದು ಮಿಕ್ಸ್ ಅಲ್ರಿ. ಒರಿಜಿನಲ್ರಿ."

"ಅದೇನರ ಇರ್ಲಿ. ಕನ್ಸೋಲ್ ಇನ್ನ ನಿಂದ. ಪಕ್ಕಾ." ಎದೆ ಹಗುರಾಯಿತು. ಅಷ್ಟರಲ್ಲಿ ಮುಂದುವರಿಸಿದರು. "ಆದ್ರ ಎರಡ ಮಿನಿಟ್ ಭಾಳ ಆತು. ಹತ್ತ ಸೆಕೆಂಡ್ ಇಡು. ಅದರಾಗ ನಮ್ಮ ಹೆಸರ ಬರ್ಲಿ."

"ಹೂಂ ರಿ" ಅಂದೆ. ಅವ್ವನಿಗೆ ಫೋನ್ ಮಾಡಿ ಪಕ್ಕಾ ಆಯಿತು ಅಂದೆ. ಅತ್ತಳು.

ಅಕ್ಟೋಬರ್ 5. ರಾತ್ರಿ ಎರಡು

ಹೆಸರು ಕೂಗುವ ಟ್ಯಾಗ್‌ನ ರೆಕಾರ್ಡಿಂಗ್ ಮುಗಿಯಿತು. ನನ್ನದೇ ದನಿ ಬೇಕಂತೆ. "ಗಪ್... ಈಗ ಗಪ್... ರಾವಸಾಹೇಬ ಸೌಂಡ್, ನಿಪ್ಪಾಣಿ."

"ಜೋರಾಗಿ ಅನ್ನು" ಅಂದ ಸಮ್ಮೇದ.

"ಗಪ್ ಅನ್ನೂದ ಜೋರ್ ಹೆಂಗ ಅನ್ಲಿ?"

"ನಿಮ್ಮ ಮಾಸ್ತರ ಅಂತಿದ್ದಿಲ್ಲೇನ?"

ಅಂದೆ. ಎಕೋ ಹಾಕಿದ. ಗಪ್ ಗಪ್ ಗಪ್ ಗಪ್. ಫೋಲ್ಡರಿಗೆ ಇನ್ನೊಂದು ಸೇರಿತು. ಫೈಲಿನ ಮೇಲೆ ನನ್ನ ಹೆಸರಿದೆ. ಸಂತೋಷ ಪಡಬೇಕು. ಪಡುತ್ತಿದ್ದೇನೆ. ನಿದ್ದೆ ಮಾತ್ರ ಬರುತ್ತಿಲ್ಲ.

ಈಗಷ್ಟೇ ಫೋನ್ ಬಂದಿತ್ತು. ಬಾಳಾಸಾಬ. ಈ ಹೊತ್ತಿನಲ್ಲಿ. ಬಯ್ಯುತ್ತಾನೆ ಅಂದುಕೊಂಡೆ.

"ತಮ್ಮಾ, ಅವತ್ತ ಹಚ್ಚಿದ್ದಿಯಲ್ಲಾ, ಅದನ್ನ ಕಳಸ್ತಿ?"

"ಗಪ್ ಮಿಕ್ಸೇನ್ರಿ?"

"ಅಲ್ಲೋ. ಅವತ್ತಿಂದು. ನನ್ನ ಮಷಿನ್ ಬಂದ್ ಇತ್ತ ನೋಡು, ಪೂರಾ ಕೇಳಿಸ್ತು."

"ಯಾವ ಮಿಕ್ಸ್ ಮಾಡ್ತೀರಿ ಅಣ್ಣಾ?"

"ಏ, ಸುಮ್ನ. ಕೇಳಾಕ" ಅಂದ.

ನಂಬಲೋ ಬೇಡವೋ. ವಾಟ್ಸಾಪಿನಲ್ಲಿ ಕಳಿಸಿದೆ. ಎರಡು ಟಿಕ್ ಬಂತು. ನೀಲಿಯೂ ಆಯಿತು. ಕೇಳುತ್ತಿರಬೇಕು. ಈಗ ಬೀಟ್ ಹೋಗಿರಬೇಕು... ಇಲ್ಲ, ಏನೋ ಟೈಪ್ ಮಾಡುತ್ತಿದ್ದಾನೆ. ನಿಲ್ಲಿಸಿದ. ಮತ್ತೆ ಟೈಪ್. ಮಾರಾಯಾ, ಆ ಖಾಲಿ ಜಾಗದಲ್ಲಿ ಏನೂ ಹಾಕಬೇಡ, ದಯಮಾಡಿ, ಅಲ್ಲಿ ಮಾತ್ರ—