ಅಳಿಸಿದ ಮಚ್ಚೆ

ಪ್ರೀತಿಯ ಕತ್ತಲೆ ಮಾಮ,

ಸದಾ ಕತ್ತಲೆಕೋಣೆಯಲ್ಲೇ ಇರುತ್ತೀರೆಂದು ನಿಮಗೆ ಈ ಹೆಸರಿಟ್ಟವಳು ನನ್ನ ತಂಗಿ. ಬೈಯುವುದಿದ್ದರೆ ಅವಳನ್ನೇ ಬೈಯಿರಿ. ನಿಮ್ಮ ಫೋಟೋ ಸ್ಟುಡಿಯೋದ ಮೇಲಿನ ಮನೆಯಲ್ಲಿದ್ದ ಇಬ್ಬರು ಹುಡುಗಿಯರಲ್ಲಿ ನಾನು ದೊಡ್ಡವಳು, ಎಡಗೆನ್ನೆಯ ಮೇಲೆ ಕಡಲೆಕಾಳಿನಷ್ಟು ಮಚ್ಚೆ ಇರುವವಳು.

ಆ ಮಚ್ಚೆ ತಂಗಿಯ ಪಾಲಿಗೆ ಕರೆಗಂಟೆ. ನಾನು ಮುನಿಸಿಕೊಂಡು ಮೂಲೆ ಸೇರಿದರೆ ಅದನ್ನು ಒತ್ತಿ, "ಒಳಗೆ ಯಾರಾದ್ರೂ ಇದ್ದೀರಾ?" ಎನ್ನುತ್ತಿದ್ದಳು. ನಗದಿರಲು ಆಗುತ್ತಿರಲಿಲ್ಲ. ಆದರೂ ಮೊದಲ ಕೆಲಸದ ಅರ್ಜಿಗೆ ಫೋಟೋ ತೆಗೆಸಿದಾಗ ಅದನ್ನು ಅಳಿಸಿಕೊಡಿ ಎಂದು ನಿಮ್ಮ ಪ್ರಾಣ ತಿಂದೆ. ನೆಗೆಟಿವನ್ನು ಬೆಳಕಿಗೆ ಹಿಡಿದು, ಚೂಪು ಪೆನ್ಸಿಲಿನಿಂದ ಅರ್ಧ ಗಂಟೆ ಚುಕ್ಕಿ ಇಟ್ಟು ಅಳಿಸಿದಿರಿ. "ಚೆನ್ನಾಗೇನೋ ಕಾಣ್ತೀಯ ಪುಟ್ಟಿ, ಆದ್ರೆ ಇದು ನೀನಲ್ಲ" ಎಂದಿರಿ. ನಾನು ಮೂಗು ಮುರಿದೆ.

ಇನ್ನೊಂದು ಪ್ರತಿಗಾಗಿ ಬಂದ ನಮ್ಮಪ್ಪನನ್ನೂ ನೀವು ಬರಿಗೈಲಿ ಕಳಿಸಿದವರು. "ಮುಖ ಯಾರದೋ ಅವರೇ ಬಂದು ಕೇಳ್ಲಿ." ಅಪ್ಪ ಸಿಡುಕುತ್ತಾ ಮೆಟ್ಟಿಲು ಹತ್ತಿ ಬಂದು ನನ್ನನ್ನು ಕರೆದೊಯ್ದರು. ನಿಮ್ಮದು ತಿಕ್ಕಲು ಎಂದು ಮನೆಯವರೆಲ್ಲ ನಕ್ಕೆವು.

ನೀವು ಅಷ್ಟು ಜೋಪಾನ ಮಾಡಿದ ಮುಖವನ್ನು ನಾನು ಫೋನಿನಲ್ಲಿ ಊರಿಗೆಲ್ಲ ಹಂಚಿದೆ ಮಾಮ. ಮಚ್ಚೆ ಅಳಿಸುವ ಚಾಳಿಯೂ ಬಿಡಲಿಲ್ಲ. ಈಗ ಅದಕ್ಕೆ ಅರ್ಧ ಗಂಟೆ ಬೇಡ, ಬೆರಳು ಸವರಿದರೆ ಸಾಕು.

ಹೋದ ವಾರ ತಂಗಿಗೆ ವಿಡಿಯೋ ಕರೆ ಬಂತು. ನನ್ನದೇ ಮುಖ, ನನ್ನದೇ ದನಿ. ಯಾರೋ ನನ್ನ ಫೋಟೋ, ವಿಡಿಯೋಗಳನ್ನು ಕದ್ದು ನನ್ನಂಥವಳನ್ನೇ ಮಾಡಿ ನಿಲ್ಲಿಸಿದ್ದರು. "ನನ್ನ ಫೋನ್ ಕೆಟ್ಟಿದೆ ಕಣೇ, ನಿನ್ನ ಫೋನಿಗೆ ಆರಂಕಿ ಬರುತ್ತೆ, ಬೇಗ ಓದು." ಹೊಲಿಗೆ ಅಂಗಡಿ ತೆರೆಯಲು ಅವಳು ವರ್ಷಗಟ್ಟಲೆ ಕೂಡಿಟ್ಟ ಬ್ಯಾಂಕಿನ ದುಡ್ಡಿಗೆ ಬೀಗದಕೈ ಆ ಆರಂಕಿ. ಅಕ್ಕ ಕೇಳಿದಳಲ್ಲ ಎಂದು ಓದತೊಡಗಿದಳು. ಮೂರು ಅಂಕಿ ಓದಿ ತಲೆ ಎತ್ತಿದಳು.

"ಅಕ್ಕ, ನಿನ್ನ ಮಚ್ಚೆ ಎಲ್ಲೇ?"

ಆ ಮುಖ ನಗುತ್ತಲೇ ಇತ್ತು. ಕರೆ ಕಡಿದುಹೋಯಿತು.

ಆಮೇಲೆ ಪೊಲೀಸರಿಗೆ ದೂರು ಕೊಟ್ಟೆವು, ಗುಪ್ತಪದಗಳನ್ನೆಲ್ಲ ಬದಲಿಸಿದೆವು, ಫೋಟೋಗಳನ್ನು ಅಪರಿಚಿತರ ಕಣ್ಣಿನಿಂದ ಮರೆಮಾಡಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಪುಣ್ಯಕ್ಕೆ ದುಡ್ಡು ಉಳಿಯಿತು.

ಆದರೆ ಅವೆಲ್ಲಕ್ಕಿಂತ ಮೊದಲು ತಂಗಿ ಚಪ್ಪಲಿಯನ್ನೂ ಮೆಟ್ಟದೆ ನಮ್ಮ ಮನೆಗೆ ಓಡಿ ಬಂದಿದ್ದಳು. ನಾನು ಬಾಗಿಲು ತೆರೆದೆ. ಅವಳು ಮಚ್ಚೆ ಒತ್ತಿ, "ಒಳಗೆ ಯಾರಾದ್ರೂ ಇದ್ದೀರಾ?" ಎಂದಳು. ಇದ್ದೀನಿ ಕಣೇ ಎಂದು ಅವಳ ಕೈಯನ್ನು ಕೆನ್ನೆಗೆ ಒತ್ತಿಕೊಂಡೆ.

ಅಂಗಡಿ ಮುಚ್ಚಿದ್ದೀರೆಂದು ಕೇಳಿದೆ. ಕ್ಯಾಮೆರಾ ಇದೆಯಲ್ಲ? ಭಾನುವಾರ ಇಬ್ಬರೂ ಬರುತ್ತೇವೆ. ಒಂದು ಫೋಟೋ ತೆಗೆದುಕೊಡಿ. ನನ್ನ ಮುಖ ಕೇಳಲು ಈ ಸಲ ನಾನೇ ಬರುತ್ತಿದ್ದೇನೆ. ಪೆನ್ಸಿಲ್ ಡ್ರಾಯರಿನಲ್ಲೇ ಇರಲಿ.

ನಿಮ್ಮ ಕಣ್ಣಿನ ಬೆಳಕು ನೂರು ಕಾಲ ಹೀಗೇ ಇರಲಿ, ಮಾಮ.

ನಿಮ್ಮ,
ಮಚ್ಚೆಯ ಪುಟ್ಟಿ